ಸೇರಿದ ಚಾನೆಲ್‌ಗಳ ಪಟ್ಟಿ: ವೀಚಾಟ್ ಸ್ಕ್ರಿಪ್ಟಿಂಗ್‌ನ ವಿಮರ್ಶೆ

ಐಆರ್‌ಸಿ ಎಂಬ ಪಠ್ಯ-ಹರಟೆಯ ವ್ಯವಸ್ಥೆಯಲ್ಲಿ ‘ಲಿಸ್ಟ್’ ಎಂದು ಟೈಪ್ ಮಾಡಿದರೆ ಸರ್ವರ್‌ನಲ್ಲಿರುವ ಚಾನೆಲ್‌ಗಳು, ಅಂದರೆ ಹರಟೆಕೋಣೆಗಳು, ಸಾಲುಗಟ್ಟಿ ಬರುತ್ತವೆಯೇ ಹೊರತು ನಾವು ಸೇರಿರುವವು ಯಾವುವು ಎಂಬುದು ತಿಳಿಯುವುದಿಲ್ಲ. ಮೂರು ಸರ್ವರ್‌ಗಳಲ್ಲಿ ಹತ್ತಾರು ಚಾನೆಲ್‌ಗಳನ್ನು ತೆರೆದಿಟ್ಟುಕೊಂಡಿರುವ ನನಗೆ ಬೇಕಾಗಿದ್ದುದು ಎರಡನೆಯ ಪಟ್ಟಿ. ಅದಕ್ಕಾಗಿ ಐಆರ್‌ಸಿ ಬಳಸಲು ಇರುವ ವೀಚಾಟ್ ಎಂಬ ತಂತ್ರಾಂಶದಲ್ಲಿ ಪೈಥಾನ್ ಸ್ಕ್ರಿಪ್ಟ್ ಒಂದನ್ನು ಬರೆದೆ. ಹೋಲಿಸಿ ನೋಡಲೆಂದು ಅದೇ ಕೆಲಸವನ್ನು ಇರ್ಸಿ ಎಂಬ ಅಂಥದ್ದೇ ಇನ್ನೊಂದು ತಂತ್ರಾಂಶದಲ್ಲಿ ಪರ್ಲ್ ಬಳಸಿ ಮಾಡಿದೆ.

2003ರಿಂದ ಬೆಳೆದು ಬಂದಿರುವ ವೀಚಾಟ್‌ನ ದೊಡ್ಡ ಗುಣವೆಂದರೆ ಪೈಥಾನ್, ಪರ್ಲ್, ರೂಬಿ, ಲುವಾ ಮುಂತಾದ ಯಾವ ಭಾಷೆಯಲ್ಲಿ ಬರೆದರೂ ಕರೆಯಬೇಕಾದ ಫಂಕ್ಷನ್‌ಗಳು ಹೆಚ್ಚುಕಡಿಮೆ ಒಂದೇ ಆಗಿರುವುದು. ಸ್ಕ್ರಿಪ್ಟನ್ನು ‘ರಿಜಿಸ್ಟರ್’ ಮಾಡಿ, ‘ಹುಕ್ ಕಮಾಂಡ್’ ಮೂಲಕ ಹೊಸ ಆದೇಶವೊಂದನ್ನು ಸೇರಿಸಿ, ಸರ್ವರ್‌ನ ಹೆಸರು ಕೊಟ್ಟು ಚಾನೆಲ್‌ಗಳ ‘ಇನ್ಫೋಲಿಸ್ಟ್’ (ವೀಚಾಟ್ ಕೊಡುವ ಮಾಹಿತಿಪಟ್ಟಿ) ಪಡೆದು ಒಂದೊಂದಾಗಿ ಓದಿದರೆ ಮುಗಿಯಿತು. ಓದಿ ಮುಗಿದ ಮೇಲೆ ಆ ಪಟ್ಟಿಯನ್ನು ನಾವೇ ‘ಫ್ರೀ’ ಮಾಡಿ ಮೆಮೊರಿ ಬಿಟ್ಟುಕೊಡಬೇಕೆಂಬುದು ಪೈಥಾನ್‌ಗೆ ಒಗ್ಗಿದ ಕೈಗೆ ಸ್ವಲ್ಪ ಕಿರಿಕಿರಿಯೇ ಸರಿ. ಅದಕ್ಕಿಂತ ತೊಡಕಿನದು ಇನ್ನೊಂದಿದೆ: ಹೆಸರನ್ನು ಸ್ಟ್ರಿಂಗ್ (ಪಠ್ಯ) ಆಗಿಯೂ ಸದಸ್ಯರ ಎಣಿಕೆಯನ್ನು ಇಂಟಿಜರ್ (ಪೂರ್ಣಾಂಕ) ಆಗಿಯೂ ಕೇಳಬೇಕು, ಅದಲುಬದಲಾದರೆ ದೋಷದ ಸಂದೇಶ ಬಾರದೆ ಖಾಲಿ ಸ್ಟ್ರಿಂಗೋ ಸೊನ್ನೆಯೋ ಬಂದು ಕೂರುತ್ತದೆ.

ನನ್ನ ಮೊದಲ ಸ್ಕ್ರಿಪ್ಟ್ 43 ಚಾನೆಲ್‌ಗಳನ್ನು ತೋರಿಸಿತು. ಆದರೆ ಅವುಗಳಲ್ಲಿ ಕೆಲವನ್ನು ನಾನು ಹಿಂದಿನ ವಾರವೇ ಬಿಟ್ಟಿದ್ದೆ! ಚಾನೆಲ್ ಬಿಟ್ಟರೂ ಅದರ ಬಫರ್ (ಮಾತುಕತೆ ಕಾಣುವ ಪುಟ) ಮುಚ್ಚದೆ ಉಳಿದಿದ್ದರೆ ವೀಚಾಟ್ ಅದನ್ನು ಇನ್ನೂ ಲೆಕ್ಕಕ್ಕೆ ಹಿಡಿಯುತ್ತದೆ ಎಂಬುದನ್ನು ಗಮನಿಸದೆ ಬರೆದದ್ದು ನನ್ನ ತಪ್ಪು. ಬಿಟ್ಟ ಚಾನೆಲ್‌ನಲ್ಲಿ ಸದಸ್ಯರ ಎಣಿಕೆ ಸೊನ್ನೆಯಾಗಿರುತ್ತದೆ, ಸೇರಿರುವಲ್ಲಿ ಕಡೆಯಪಕ್ಷ ನಾವಾದರೂ ಇರುತ್ತೇವೆ. ಈ ಒಂದು ಷರತ್ತನ್ನೂ, ಖಾಸಗಿ ಮಾತುಕತೆಗಳನ್ನು ಹೊರಗಿಡುವ ಇನ್ನೊಂದನ್ನೂ ಸೇರಿಸಿದ ಮೇಲೆ ಪಟ್ಟಿ 37ಕ್ಕೆ ಇಳಿದು ಸರಿಹೋಯಿತು. ಪ್ರತಿ ತಿದ್ದುಪಡಿಯ ನಂತರ ಸಂಪರ್ಕ ಕಡಿಯದೆಯೇ ಸ್ಕ್ರಿಪ್ಟನ್ನು ಮರುಲೋಡ್ ಮಾಡಲು ಬಂದದ್ದು ದೊಡ್ಡ ಅನುಕೂಲ.

ಡವ್‌ಕಾಟ್ ಮೇಲ್ ಸರ್ವರ್ ಬರೆದ ಟಿಮೊ ಸಿರೈನೆನ್ ಅವರೇ 1999ರಲ್ಲಿ ಹೊರತಂದ ಇರ್ಸಿಯಲ್ಲಿ ಈ ತಲೆನೋವಿಲ್ಲ. ಅಲ್ಲಿ ‘ಚಾನೆಲ್ಸ್’ ಎಂಬ ಒಂದೇ ಫಂಕ್ಷನ್ ಎಲ್ಲ ಸರ್ವರ್‌ಗಳ ಚಾನೆಲ್‌ಗಳನ್ನೂ ಒಟ್ಟಿಗೆ ಕೊಡುತ್ತದೆ, ಬಿಟ್ಟವು ಅದರಲ್ಲಿ ಬರುವುದಿಲ್ಲ, ಮೂರ್ನಾಲ್ಕು ಸಾಲಿನ ಪರ್ಲ್ ಸಾಕು. ನಿಜ ಹೇಳಬೇಕೆಂದರೆ ಅಷ್ಟೂ ಬೇಡ: ಏನನ್ನೂ ಸೇರಿಸದೆ ಬರಿಯ ‘ಚಾನೆಲ್’ ಆದೇಶ ಕೊಟ್ಟರೆ ಇರ್ಸಿಯೇ ನಾವಿರುವ ಚಾನೆಲ್‌ಗಳನ್ನು ಹೇಳಿಬಿಡುತ್ತದೆ. ಇದು ನನಗೆ ಗೊತ್ತಾದದ್ದು ಪರ್ಲ್ ಬರೆದು ಮುಗಿಸಿದ ಮೇಲೆ.

ಹೆಸರುಗಳಷ್ಟೇ ಸಾಕೆನ್ನುವವರು ಇರ್ಸಿಯಲ್ಲೇ ಇರಲಿ. ಸದಸ್ಯರ ಎಣಿಕೆಯ ಪ್ರಕಾರ ಜೋಡಿಸಿದ, ವಿಷಯಸಾಲನ್ನೂ ತೋರಿಸುವ ಪಟ್ಟಿಯನ್ನು ತಮಗೆ ಗೊತ್ತಿರುವ ಭಾಷೆಯಲ್ಲೇ ಕಟ್ಟಿಕೊಳ್ಳಬೇಕೆನ್ನುವವರಿಗೆ, ಇನ್ಫೋಲಿಸ್ಟ್‌ನ ಒರಟುತನವನ್ನು ಸಹಿಸಿಕೊಂಡಾದರೂ, ನಾನು ವೀಚಾಟನ್ನೇ ಸೂಚಿಸುತ್ತೇನೆ.