ಜಿಮ್ಮಿ ಬಾಂಡ್ ಡಿವಿಡಿ: ಕೊನೆ ಎರಡು ನಿಮಿಷ ಬಿಟ್ಟರೆ ಪೈಸಾ ವಸೂಲ್

ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ಹಳೆ ಸಿಡಿ ಮಾರುವ ಒಂದು ಅಂಗಡಿಯಲ್ಲಿ ಮೊನ್ನೆ 120 ರೂಪಾಯಿ ಕೊಟ್ಟು ಈ ಡಿವಿಡಿ ತಂದೆ. ಡಬ್ಬಿ ಮೇಲಿರುವುದು 1967ರ ಕಾಮಿಡಿ 'ಕಸಿನೋ ರೊಯಾಲ್'. ಅದು ನನಗೆ ಬೇಡವಾಗಿತ್ತು. ಜೊತೆಗೆ ಎಕ್ಸ್‌ಟ್ರಾ ಅಂತ ಅದೇ ಹೆಸರಿನ 1954ರ ಟಿವಿ ನಾಟಕ ಹಾಕಿದ್ದಾರಲ್ಲ, ಬೇಕಾಗಿದ್ದು ಅದು. ಜೇಮ್ಸ್ ಬಾಂಡ್ ಮೊದಲು ಪರದೆ ಮೇಲೆ ಬಂದಿದ್ದು ಅದರಲ್ಲೇ, ಶಾನ್ ಕಾನರಿಗಿಂತ ಎಂಟು ವರ್ಷ ಮುಂಚೆ.

ಅಮೆರಿಕದ ಸಿಬಿಎಸ್ ಟಿವಿಯವರು 'ಕ್ಲೈಮ್ಯಾಕ್ಸ್!' ಸರಣಿಯಲ್ಲಿ ಅಕ್ಟೋಬರ್ 21ರಂದು ಇದನ್ನು ಲೈವ್ ಬಿಟ್ಟರು. ಬಾಂಡ್ ಕಾದಂಬರಿ ಬರೆದ ಇಯಾನ್ ಫ್ಲೆಮಿಂಗ್‌ಗೆ ಹಕ್ಕಿಗಾಗಿ ಸಿಕ್ಕಿದ್ದು 1000 ಡಾಲರ್, ಅಷ್ಟೇ! ಇಲ್ಲಿ ಬಾಂಡ್ ಅಮೆರಿಕದವನು, ಕೆಲವರು ಜಿಮ್ಮಿ ಅಂತಾರೆ. ಕಾದಂಬರಿಯಲ್ಲಿ ಅಮೆರಿಕದವನಾದ ಅವನ ಗೆಳೆಯ ಬೇಹುಗಾರ ಲೈಟರ್ ಇಲ್ಲಿ ಬ್ರಿಟಿಷ್. ಪೂರ್ತಿ ಉಲ್ಟಾ. ಬಾಂಡ್ ಪಾತ್ರದ ಬ್ಯಾರಿ ನೆಲ್ಸನ್‌ನನ್ನು ನೋಡಿದರೆ ಬೇಹುಗಾರ ಅನ್ನಿಸಲ್ಲ, ಇನ್ಶೂರೆನ್ಸ್ ಪಾಲಿಸಿ ಮಾಡಿಸೋಕೆ ಬಂದವರ ಹಾಗಿದ್ದಾರೆ. ಬ್ಯಾಕಾರಾ ಅನ್ನೋ ಇಸ್ಪೀಟ್ ಆಟದ ನಿಯಮವನ್ನು ಬಾಂಡ್ ಲೈಟರ್‌ಗೆ ಕೂತು ಪಾಠ ಮಾಡುತ್ತಾನೆ, ಅಂದರ್ ಬಾಹರ್ ಆಡಿ ಬೆಳೆದವರಿಗೆ ಅಷ್ಟೆಲ್ಲ ಬೇಕಾಗಿಲ್ಲ.

ಆದರೆ ಪೀಟರ್ ಲೊರ್ರೆ! ವಿಲನ್ ಲೆ ಶಿಫ್ರ್ ಪಾತ್ರ. ಆ ಉಬ್ಬುಗಣ್ಣು, ಜೋಗುಳ ಹಾಡುವಷ್ಟು ಮೆತ್ತಗಿನ ದನಿ. ಬಾಂಡ್‌ನನ್ನು ಸ್ನಾನದ ತೊಟ್ಟಿಯಲ್ಲಿ ಕಟ್ಟಿ ಮಲಗಿಸಿ ಕಾಲ್ಬೆರಳಿಗೆ ಇಕ್ಕಳ ಹಾಕಿಸುತ್ತಾನೆ, ನಮಗೆ ಕಾಣೋದು ಬರೀ ನೆಲ್ಸನ್ ಮುಖ. ಬೆವರು ನಿಜದ್ದೇ ಇರಬೇಕು. ಶರಣಬಸವೇಶ್ವರ ಜಾತ್ರೆಯಲ್ಲಿ ಟೆಂಟ್ ಹಾಕಿದ ಕಂಪನಿ ನಾಟಕ ನೋಡಿದವರಿಗೆ ಲೈವ್ ಅಂದರೇನು ಅಂತ ಗೊತ್ತು, ಒಬ್ಬ ಮಾತು ಮರೆತರೆ ಇನ್ನೊಬ್ಬ ಅಲ್ಲೇ ಸಂಭಾಳಿಸಬೇಕು, ಮತ್ತೊಂದು ಟೇಕ್ ಅನ್ನೋದೇ ಇಲ್ಲ. ಆ ದಿಗಿಲು ಸುಮಾರು ಐವತ್ತು ನಿಮಿಷವೂ ಇದರಲ್ಲಿ ಉಳಿದಿದೆ. ಸತ್ತ ಮೇಲೆ ಲೊರ್ರೆ ಕ್ಯಾಮೆರಾ ಮುಂದೆಯೇ ಎದ್ದು ಹೋದರು ಅಂತ ಒಂದು ಕತೆ ಓಡಾಡುತ್ತಲ್ವಾ, ನನ್ನ ಡಿಸ್ಕ್‌ನಲ್ಲಂತೂ ಅದು ಕಾಣಲಿಲ್ಲ.

ಚಿತ್ರ ಕಪ್ಪು ಬಿಳುಪು, ಮಸುಕು. ಟಿವಿ ಪರದೆ ಎದುರು ಫಿಲ್ಮ್ ಕ್ಯಾಮೆರಾ ಇಟ್ಟು ತೆಗೆದ ಕಾಪಿ, ಕಳೆದೇ ಹೋಯಿತು ಅಂದುಕೊಂಡಿದ್ದು 1981ರಲ್ಲಿ ಸಿಕ್ಕಿತು, ಹಾಗಾಗಿ ಮಸುಕಿಗೆ ನಾನು ಮಾರ್ಕು ಕಳೆಯಲ್ಲ. ಸಬ್‌ಟೈಟಲ್ ಇಲ್ಲ. ಲೊರ್ರೆ ಮಾತು ಹಿಡಿಯೋಕೆ ಫ್ಯಾನ್ ಆಫ್ ಮಾಡಿ ಕೂತೆ, ಅದೂ ಮೇ ತಿಂಗಳ ಕಲಬುರಗಿಯಲ್ಲಿ.

ಸಿಟ್ಟು ಬಂದಿದ್ದು ಕೊನೆಯಲ್ಲಿ. ಲೆ ಶಿಫ್ರ್ ಕತೆ ಮುಗಿಯುವ ಹೊತ್ತಿಗೆ ಪಟ್ಟನೆ ಕಟ್, ಡಿಸ್ಕ್ ವಾಪಸ್ ಮೆನುಗೆ ಹೋಯಿತು. ಒಂದೆರಡು ನಿಮಿಷ ಮಾಯ. ಅಂಗಡಿಗೆ ಹೋಗಿ ಕೇಳಿದರೆ "ಹಳೀ ಮಾಲ್ ಸರ್, ಹಂಗೇ ಇರ್ತದ" ಅಂದ. ವಾಪಸ್ ತಗೊಳ್ಳಲಿಲ್ಲ, ಮೇಲೊಂದು ಡಿವಿಡಿ ಅರ್ಧ ರೇಟಿಗೆ ಕೊಡ್ತೀನಿ ಅಂದ. ಬೇಡ ಅಂದು ಬಂದೆ.

ಐದಕ್ಕೆ ಮೂರೂವರೆ, ಅದರಲ್ಲಿ ಮೂರು ಲೊರ್ರೆಗೆ. ಪೂರ್ತಿ ಇರುವ ಕಾಪಿ ಯಾರ ಹತ್ತಿರವಾದರೂ ಇದ್ದರೆ ಹೇಳಿ, ನಾನೇ ಬಂದು ನೋಡುತ್ತೇನೆ.