ಪ್ರಿಸೆಟ್, ಕಪ್ಪು-ಬಿಳುಪು, ಒಂದೇ ಹೊತ್ತು, ಒಂದೇ ಲೆನ್ಸ್: ಕೊಪ್ಪಳದಲ್ಲಿ ನಾಲ್ಕು ತಿಂಗಳು

ದಿನಕ್ಕೊಂದು ಫೋಟೊ ಎಂದು ವ್ರತ ಹಿಡಿದು ಎರಡು ತಿಂಗಳಾಗುವಷ್ಟರಲ್ಲಿ ನನಗೊಂದು ಕೊರಗು ಹತ್ತಿತ್ತು. ಬಿಡಿಯಾಗಿ ನೋಡಿದರೆ ಫೋಟೊಗಳು ಚೆನ್ನಾಗಿಯೇ ಇದ್ದವು. ಸಾಲಾಗಿ ಜೋಡಿಸಿದರೆ ಹತ್ತು ಮಂದಿ ಸೇರಿ ತೆಗೆದ ಹಾಗೆ ಕಾಣುತ್ತಿದ್ದವು. ಕೋಟೆಯ ಬಂಡೆಗೆ ಒಂದು ಬಣ್ಣ, ಬಸ್ ನಿಲ್ದಾಣದ ಮಿರ್ಚಿ ಬಂಡಿಗೆ ಇನ್ನೊಂದು. ಒಂದರಲ್ಲಿ ಮುಖ ಎದುರಿಗೇ ಇದೆ, ಇನ್ನೊಂದರಲ್ಲಿ ಮನುಷ್ಯ ಇರುವೆಯಷ್ಟು ಚಿಕ್ಕವ.

ಹಾಗಾಗಿ ಮಾರ್ಚ್‌ನಿಂದ ಜೂನ್‌ವರೆಗೆ ತಿಂಗಳಿಗೊಂದು ಕಟ್ಟಳೆ ಹಾಕಿಕೊಂಡೆ. ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ಕೊಂಡ ಕ್ಯಾನನ್ 200ಡಿ, ಜೊತೆಗೆ ಕ್ಯಾಮೆರಾದೊಂದಿಗೇ ಬರುವ, ಜೂಮ್ ಆಗುವ 18–55 ಎಂಎಂ ಕಿಟ್ ಲೆನ್ಸ್ ಮತ್ತು ಜೂಮ್ ಇಲ್ಲದ 50 ಎಂಎಂ ಎಫ್ 1.8 ಲೆನ್ಸ್. ತಿಂಗಳ ಕೊನೆಗೆ 30 ಫೋಟೊಗಳನ್ನು ಮ್ಯಾಕ್ಸಿ ಸೈಜಿನಲ್ಲಿ ಪ್ರಿಂಟ್ ಹಾಕಿಸಿ, ಗಂಗಾವತಿಯ ಗೆಳೆಯನೊಬ್ಬ ಅದೇ ಕಟ್ಟಳೆಯಲ್ಲಿ ತೆಗೆದ ಐದನ್ನು ನಡುವೆ ಸೇರಿಸಿ, ಪಡಸಾಲೆಯಲ್ಲಿ ಹರವುತ್ತಿದ್ದೆ. ಸಾಲು ಒಂದಾಗಿ ಕಾಣುತ್ತದೆಯೇ, ಅದು ನನ್ನದೇ ಎಂಬ ಗುರುತು ಸಿಗುತ್ತದೆಯೇ ಎಂದು ನೋಡಲು, ಈ ಗುಂಪಿಗೆ ಸೇರದ ಫೋಟೊಗಳನ್ನು ಎತ್ತಿಡು ಎಂದು ಅವ್ವನಿಗೆ ಹೇಳುತ್ತಿದ್ದೆ. ಅವ್ವನಿಗೆ ಫೋಟೊಗ್ರಫಿ ಗೊತ್ತಿಲ್ಲ, ಆದರೆ ಅಕ್ಕಿಯಲ್ಲಿ ಹರಳು ಆರಿಸುವ ಕಣ್ಣು ಅವಳದು.

ಮೊದಲು ಪ್ರಿಸೆಟ್, ಅಂದರೆ ಒಂದೇ ಒತ್ತಿಗೆ ಫೋಟೊದ ಬಣ್ಣ ಬದಲಿಸುವ ಸಿದ್ಧ ಸೆಟ್ಟಿಂಗ್. ಮೊಬೈಲಿನಲ್ಲಿ ಹಳೆಯ ರೀಲಿನ ಕಂದು ಬಣ್ಣ ಕೊಡುವ ಒಂದನ್ನು ಆರಿಸಿ, ಮೂವತ್ತಕ್ಕೂ ಅದನ್ನೇ ಹಾಕಿದೆ. ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಸೋತದ್ದೂ ಇದೇ. ಗವಿಮಠದ ಮೆಟ್ಟಿಲ ಮೇಲೆ ಬೆಳಿಗ್ಗೆ ತೆಗೆದ ಮುಖ ಜೇನಿನ ಹಾಗೆ ಬಂತು. ಕಿರಾಣಿ ಅಂಗಡಿಯ ಎಲ್‌ಇಡಿ ಕೆಳಗೆ ರಾತ್ರಿ ತೆಗೆದ ಮುಖ ಕಾಮಾಲೆಯಾದಂತೆ ಕಂಡಿತು. ಬದನೆಕಾಯಿಗೂ ಹೆಸರುಕಾಳಿಗೂ ಒಂದೇ ಗುರೆಳ್ಳು ಪುಡಿ ಹಾಕಿದರೂ ಎರಡೂ ಪಲ್ಯ ಒಂದೇ ರುಚಿಯಾಗುವುದಿಲ್ಲವಲ್ಲ, ಹಾಗೆ. ನನ್ನವುಗಳಲ್ಲೇ 13ನ್ನು ಅವ್ವ ಎತ್ತಿಟ್ಟಳು. ಆ ತಿಂಗಳಿನಿಂದ ಉಳಿದದ್ದು ಒಂದೇ ಲಾಭ: ಆಟೊ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಕ್ಯಾಮೆರಾ ತಾನೇ ಮಾಡಿಕೊಳ್ಳುವ ಹೊಂದಾಣಿಕೆ) ಒಂದೊಂದು ಫೋಟೊಗೆ ಒಂದೊಂದು ಬಣ್ಣ ಊಹಿಸುತ್ತದೆ ಎಂಬುದು ಕಣ್ಣಿಗೆ ಬಿತ್ತು. ಅಂದಿನಿಂದ ಬಿಸಿಲಿರಲಿ, ಬಲ್ಬ್ ಇರಲಿ, ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲು) ಅದನ್ನು ಹಗಲು ಬಿಸಿಲಿನ ಬಣ್ಣವಾದ 5500 ಕೆಲ್ವಿನ್‌ಗೆ ಕಟ್ಟಿಹಾಕಿದ್ದೇನೆ. ಬಲ್ಬಿನ ಬೆಳಕು ಹಳದಿಯಾಗಿ ಬಂದರೆ ಬರಲಿ, ಅದು ನಿಜವಾಗಿ ಹಳದಿಯೇ.

ಏಪ್ರಿಲ್‌ನಲ್ಲಿ ಕಪ್ಪು-ಬಿಳುಪು. ನಮ್ಮ ಕಡೆಯ ಬೇಸಿಗೆಗೆ ಇದು ಹೇಳಿ ಮಾಡಿಸಿದ್ದು. ಮಧ್ಯಾಹ್ನ ಒಂದು ಗಂಟೆಗೆ ಬಣ್ಣವೆಲ್ಲ ಬಿಸಿಲಿಗೆ ಬೆಂದು ಸಪ್ಪಗಾಗಿರುತ್ತದೆ. ಬಣ್ಣ ತೆಗೆದುಹಾಕಿದರೆ ಬಂಡೆಯ ಒರಟು ಮೈ, ಎಪಿಎಂಸಿ ಕಟ್ಟೆಯ ಮೇಲೆ ಚೀಲ ಹೊತ್ತವರ ಬೆನ್ನಿನ ನೆರಳು ಎದ್ದು ನಿಲ್ಲುತ್ತವೆ. ಅಂಗಡಿ ಕೆಲಸದವನಾದ ನನಗೆ ಊಟದ ಬಿಡುವಿನಲ್ಲೇ ಫೋಟೊ ಸಿಕ್ಕುವಂತಾಯಿತು. ಅವ್ವ ನನ್ನವುಗಳಲ್ಲಿ ಐದನ್ನಷ್ಟೇ ಎತ್ತಿಟ್ಟಳು.

ಆದರೆ ಎರಡು ಮಾತು. ಒಂದು ಭಾನುವಾರ ಕಿನ್ನಾಳಕ್ಕೆ ಹೋಗಿದ್ದೆ. ಹಗುರ ಮರದ ಗೊಂಬೆ, ಕಲ್ಲಿನ ಪುಡಿಗೆ ಅಂಟು ಸೇರಿಸಿ ಕಲಸಿದ ಲೇಪದಿಂದ ಮೂಡಿಸಿದ ಒಡವೆ, ಅದರ ಮೇಲೆ ಕಣ್ಣು ಕುಕ್ಕುವ ಕೆಂಪು, ಹಸಿರು. ಕಪ್ಪು-ಬಿಳುಪಿನಲ್ಲಿ ಆ ಕೆಂಪು ಮತ್ತು ಹಸಿರು ಎರಡೂ ಒಂದೇ ಬೂದು ಆಗಿಬಿಟ್ಟವು. “ಗೊಂಬಿಗೆ ಬೂದಿ ಬಳದಂಗ ಐತಲ್ಲೋ ಯಪ್ಪಾ” ಎಂದಳು ಅವ್ವ. ಅದು ಆ ಕುಶಲಕರ್ಮಿಗಳಿಗೆ ನಾನು ಮಾಡಿದ ಅನ್ಯಾಯ ಎಂದೇ ಈಗಲೂ ಅನಿಸುತ್ತದೆ. ಇನ್ನೊಂದು, ಗೆಳೆಯನ ಐದು ಫೋಟೊಗಳಲ್ಲಿ ಅವ್ವನಿಗೆ ಪತ್ತೆಯಾದದ್ದು ಒಂದೇ. ಸಾಲು ಒಂದಾಗಿ ಕಂಡಿತ್ತು, ಆದರೆ ಅದರೊಳಗೆ ಯಾರ ಫೋಟೊ ಬಂದು ಕೂತರೂ ಹೊಂದುತ್ತಿತ್ತು.

ಮೇ ತಿಂಗಳಲ್ಲಿ ಒಂದೇ ಹೊತ್ತು: ಸೂರ್ಯ ಹುಟ್ಟಿದ ಒಂದು ಗಂಟೆಯೊಳಗೆ. ಇದರ ಹಿಂದೆ ಒಂದು ಮಾದರಿ ಇತ್ತು. ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಶರ್ ದಂಪತಿ 1959ರಿಂದ ನೀರಿನ ಟ್ಯಾಂಕು, ಊದುಕುಲುಮೆಗಳನ್ನು ಮೋಡ ಮುಚ್ಚಿದ ಬೆಳಕಿನಲ್ಲೇ, ನೇರ ಎದುರಿನಿಂದಲೇ ದಶಕಗಟ್ಟಲೆ ತೆಗೆದರು. ಕೊಪ್ಪಳದ ಮೇ ತಿಂಗಳಲ್ಲಿ ಅಂಥ ಮೋಡ ಎಲ್ಲಿಂದ ತರುವುದು? ಮುಂಜಾನೆಯ ಓರೆ ಬಿಸಿಲು ಮಾತ್ರ ದಿನಾ ತಪ್ಪದೆ ಸಿಗುತ್ತದೆ. ಬೆಳಕೇನೋ ಸೊಗಸು. ಆದರೆ ಹದಿನೈದು ದಿನಕ್ಕೆ ಹಾಲಿನ ಕ್ಯಾನು, ಪೇಪರ್ ಕಟ್ಟು, ಚಹಾದ ಹೊಗೆ, ಕಸ ಗುಡಿಸುವವರು, ಇಷ್ಟೇ ಮರಳಿ ಮರಳಿ ಬಂದವು. ದಿನದ ಹತ್ತು ತಾಸು ನಾನು ಕಳೆಯುವ ಬೀಜ-ಗೊಬ್ಬರದ ಅಂಗಡಿ, ಅಲ್ಲಿಗೆ ಬರುವ ರೈತರು ಒಬ್ಬರೂ ಇಲ್ಲ. ಗೆಳೆಯನವು ಎರಡು ಪತ್ತೆಯಾದವು. ಇದನ್ನೇ ವರ್ಷವಿಡೀ ನಡೆಸುವವರು ಗಡಿಯಾರ ನಂಬಬೇಡಿ: ಇಲ್ಲಿ ಜೂನ್‌ನಲ್ಲಿ ಆರರ ಆಸುಪಾಸಿಗೆ ಹುಟ್ಟುವ ಸೂರ್ಯ ಜನವರಿಯಲ್ಲಿ ಏಳರ ಹತ್ತಿರ ಹುಟ್ಟುತ್ತಾನೆ.

ಜೂನ್‌ಗೆ 50 ಎಂಎಂ ಹಾಕಿ, ಕಿಟ್ ಲೆನ್ಸನ್ನು ಟ್ರಂಕಿನಲ್ಲಿಟ್ಟೆ. 200ಡಿಯ ಸೆನ್ಸರ್ ಚಿಕ್ಕದಾದ್ದರಿಂದ ಈ ಲೆನ್ಸು ಫುಲ್ ಫ್ರೇಮಿನ (35 ಎಂಎಂ ರೀಲಿನಷ್ಟು ದೊಡ್ಡ ಸೆನ್ಸರ್‌ನ) 80 ಎಂಎಂನಷ್ಟು ನೋಟ, ಅಂದರೆ ಇನ್ನೂ ಕಿರಿದಾದ ನೋಟ ಕೊಡುತ್ತದೆ. ಅಡ್ಡ ಫ್ರೇಮಿನಲ್ಲಿ ಒಬ್ಬರನ್ನು ಸೊಂಟದಿಂದ ಮೇಲಕ್ಕೆ ಹಿಡಿಯಬೇಕಾದರೆ 10 ಫೂಟು ದೂರ ನಿಲ್ಲಬೇಕು. ಮೊದಲ ವಾರ ಕಷ್ಟವೇ ಆಯಿತು. ಗೋಡೆಗೆ ಬೆನ್ನು ಹತ್ತಿಸಿದರೂ ಅಂಗಡಿಯ ಕೌಂಟರ್ ಪೂರಾ ಬರಲಿಲ್ಲ. ಎರಡನೇ ವಾರಕ್ಕೆ ಕಾಲು ತಾನೇ ಜಾಗ ಗುರುತಿಸತೊಡಗಿತು.

ಆ 10 ಫೂಟಿನಲ್ಲಿ ಇನ್ನೊಂದು ನಡೆಯಿತು. ಅಷ್ಟು ಹತ್ತಿರ ಕ್ಯಾಮೆರಾ ಎತ್ತಿದರೆ ಎದುರಿನವರಿಗೆ ತಿಳಿಯದೆ ಇರುವುದಿಲ್ಲ. ಕೇಳಲೇಬೇಕು. “ಕಾಕಾ, ಒಂದು ಫೋಟೊ ತಗೊಳ್ಳಲೇನ್ರಿ?” ಎಂದರೆ ಬಿತ್ತನೆ ಬೀಜಕ್ಕೆ ಬಂದ ಹಿರಿಯರು ರುಮಾಲು ಸರಿಮಾಡಿಕೊಂಡು, “ಮಳಿ ಬಂದ ಮ್ಯಾಲೆ ತಗೀಬೇಕಿತ್ತಪಾ, ಈಗ ಮಾರಿಯಾಗ ಏನೈತಿ” ಎಂದರು. ಅವರು ಹಾಗೆ ಅನ್ನುತ್ತಿದ್ದಾಗಲೇ ಕ್ಲಿಕ್ ಮಾಡಿದ್ದು ಈ ವರ್ಷದ ನನ್ನ ಅತ್ಯುತ್ತಮ ಫೋಟೊ.

ತಿಂಗಳ ಕೊನೆಗೆ ಅವ್ವ ನನ್ನವು ಆರನ್ನು ಎತ್ತಿಟ್ಟಳು, ಕಪ್ಪು-ಬಿಳುಪಿಗಿಂತ ಒಂದು ಹೆಚ್ಚೇ. ಆದರೆ ಗೆಳೆಯನ ಐದರಲ್ಲಿ ನಾಲ್ಕು ಸಿಕ್ಕಿಬಿದ್ದವು. ಹೇಗೆ ಗೊತ್ತಾಯಿತು ಎಂದು ಕೇಳಿದೆ. “ಇವು ಮಾತಾಡಿಸಿ ತಗದಿದ್ದು. ಅವು ಕದ್ದು ತಗದಿದ್ದು” ಎಂದಳು. ಗೆಳೆಯನ ಲೆನ್ಸೂ 50 ಎಂಎಮ್ಮೇ. ಅವನು ರಸ್ತೆಯ ಆಚೆ ನಿಂತು ತೆಗೆಯುವವನು. ನನ್ನವುಗಳಲ್ಲಿ ಅವಳು ಎತ್ತಿಟ್ಟ ಆರನ್ನು ತಿರುವಿ ನೋಡಿದೆ. ಆರೂ ನಾನು ಮಾತಾಡಿಸಲು ಅಂಜಿ ದೂರದಿಂದ ತೆಗೆದವು.

ಎತ್ತಿಟ್ಟವುಗಳ ಲೆಕ್ಕವೊಂದೇ ನೋಡಿದ್ದರೆ ಕಪ್ಪು-ಬಿಳುಪಿಗೇ ಅಂಟಿಕೊಳ್ಳುತ್ತಿದ್ದೆ. ಈಗ 50 ಎಂಎಂ, ಬಣ್ಣ, 5500 ಕೆಲ್ವಿನ್, 10 ಫೂಟು, ಹೊತ್ತಿನ ಹಂಗಿಲ್ಲ. ಕಿನ್ನಾಳದ ಇಕ್ಕಟ್ಟಿನ ಕೋಣೆಗಳಿಗೆ ಮಾತ್ರ ಕಿಟ್ ಲೆನ್ಸನ್ನು 35 ಎಂಎಂಗೆ ತಿರುಗಿಸಿ, ಜೂಮ್ ರಿಂಗಿಗೆ ಟೇಪು ಸುತ್ತಿ ಒಯ್ಯುತ್ತೇನೆ. ಜನವರಿಯ ಗವಿಮಠದ ಜಾತ್ರೆಯಲ್ಲಿ ತೇರಿನ ಮುಂದೆ 10 ಫೂಟು ಹೋಗಲಿ, ಒಂದು ಫೂಟು ಜಾಗವೂ ಸಿಗುವುದಿಲ್ಲ. ಅಂದು ತೇರಿನ ಕಡೆ ಹೋಗದೆ, ದಾಸೋಹದಲ್ಲಿ ರೊಟ್ಟಿ-ಮಾದಲಿಗೆ ಕೂತವರ ಸಾಲಿನ ಎದುರು ನಿಲ್ಲಬೇಕೆಂದು ಈಗಲೇ ಜಾಗ ನೋಡಿಟ್ಟಿದ್ದೇನೆ.