ರತ್ನಗಂಬಳಿ ತೊಳೆಯುವ ಯಂತ್ರದ ಉಚಿತ ಡೆಮೊ: ಟಾಕಿಯಲ್ಲಿ ಕಾಣುವ ಕೆಂಪು ನೀರನ್ನು ನಂಬಬೇಡಿ

ಗಣೇಶ ಚೌತಿಯಿಂದ ದೀಪಾವಳಿಯವರೆಗಿನ ಹಬ್ಬಗಳಿಗೆ ಮನೆ ಸ್ವಚ್ಛ ಮಾಡುವ ಕೆಲಸ ಶ್ರಾವಣದಲ್ಲಿಯೇ ಶುರುವಾಗುತ್ತದೆ. ಅದೇ ಹೊತ್ತಿಗೆ ರತ್ನಗಂಬಳಿ ಮತ್ತು ಸೋಫಾ ತೊಳೆಯುವ ಯಂತ್ರಗಳನ್ನು ಮನೆಬಾಗಿಲಿಗೆ ತಂದು ಉಚಿತವಾಗಿ ಡೆಮೊ ತೋರಿಸುತ್ತೇವೆ ಎನ್ನುವವರೂ ಬರುತ್ತಾರೆ. ಅಂಥ ಒಂದು ಡೆಮೊದಲ್ಲಿ ಧಾರವಾಡದ ನಮ್ಮ ಮನೆಯಲ್ಲಿದ್ದ ನವಲಗುಂದದ ಜಮಖಾನೆ ಸರಿಪಡಿಸಲಾಗದಷ್ಟು ಕೆಟ್ಟಿತು, ಉಣ್ಣೆಯ ರತ್ನಗಂಬಳಿಯೊಂದಕ್ಕೆ ಹೋಗದ ಕಲೆ ಬಿದ್ದಿತು. ಇಂಥ ಯಂತ್ರ ಕೊಳ್ಳಬೇಕೆಂದಿರುವವರು, ಅಥವಾ ಸುಮ್ಮನೆ ನೋಡೋಣವೆಂದು ಯಂತ್ರದವರನ್ನು ಒಳಗೆ ಕರೆಯುವವರು, ಮೊದಲು ಇದನ್ನು ಓದಬೇಕೆಂದು ಬರೆಯುತ್ತಿದ್ದೇನೆ.

ಬಂದಿದ್ದ ಇಬ್ಬರು ಹುಡುಗರಿಗೆ ನಾನು ಮೊದಲು ತೋರಿಸಿದ್ದು ಊಟದ ಮೇಜಿನ ಕೆಳಗಿದ್ದ, ಮಿಲ್ಲಿನಲ್ಲಿ ತಯಾರಾದ ಸಿಂಥೆಟಿಕ್ ಹಾಸನ್ನು. ಅದರಲ್ಲಿ ಯಂತ್ರದ ಶಕ್ತಿ ಗೊತ್ತಾಗುವುದಿಲ್ಲವೆಂದು ಅವರು ಪಡಸಾಲೆಯ ಜಮಖಾನೆಯನ್ನೇ ಕೇಳಿದರು. ಕೈಮಗ್ಗದ ಹತ್ತಿಗೆ, ಉಣ್ಣೆಗೆ ಇದು ನಡೆಯುತ್ತದೆಯೇ ಎಂದು ನಾನು ಸ್ಪಷ್ಟವಾಗಿ ಕೇಳಿದೆ. "ಎಲ್ಲಾ ನಮೂನಿ ಅರಿವಿಗೂ ನಡೀತೈತ್ರಿ ಅಕ್ಕಾರ, ಏನೂ ಆಗೂದಿಲ್ಲ" ಎಂಬ ಉತ್ತರ ಬಂತು. ಕಾಯಿಸಿದ ನೀರು ಕೇಳಿ ಪಡೆದು, ಅದಕ್ಕೆ ತಮ್ಮ ದ್ರಾವಣವನ್ನು ಅಳತೆಯಿಲ್ಲದೆ ಸುರಿದು, ಜಮಖಾನೆಯ ಒಂದು ಅಂಚಿನಿಂದ ತೊಳೆಯತೊಡಗಿದರು. ಸ್ವಲ್ಪ ಹೊತ್ತಿನಲ್ಲಿಯೇ, ಹೀರಿದ ನೀರು ಸೇರುವ ಯಂತ್ರದ ಪಾರದರ್ಶಕ ಟಾಕಿಯಲ್ಲಿ ಇಟ್ಟಿಗೆ ಬಣ್ಣದ ನೀರು ತುಂಬಿತು. "ನೋಡ್ರಿ, ಎಷ್ಟ ವರ್ಷದ ಹೊಲಸು ಹೊಂಟೈತಿ" ಎಂದು ಹುಡುಗ ಟಾಕಿಯನ್ನು ಎತ್ತಿ ತೋರಿಸಿದ. ಪಕ್ಕದಲ್ಲಿ ಕುಳಿತಿದ್ದ ನಮ್ಮ ಅತ್ತೆಯವರು ಒದ್ದೆಯಾದ ಭಾಗಕ್ಕೆ ತಮ್ಮ ಬಿಳಿ ಕರವಸ್ತ್ರವನ್ನು ಒತ್ತಿ ನೋಡಿ, "ತಮ್ಮಾ, ಇದು ಹೊಲಸಲ್ಲೋ, ಬಣ್ಣ ಬಿಡಾಕತ್ತೈತಿ" ಎಂದರು. ಆ ಹೊತ್ತಿಗೆ ಅರ್ಧ ಜಮಖಾನೆ ನೆನೆದಾಗಿತ್ತು; ಇನ್ನೊಬ್ಬ ಹುಡುಗ ಪಕ್ಕದ ಕೋಣೆಯ ಉಣ್ಣೆಯ ಹಾಸಿನ ಮೇಲೂ ನೀರು ಸಿಂಪಡಿಸಿದ್ದ.

ಒಣಗುವಾಗ ಕೆಂಪು ಬಣ್ಣ ಹರಡಿ, ನೇಯ್ಗೆಯ ಬಿಳಿಯ ನವಿಲುಗಳು ಗುಲಾಬಿ ಬಣ್ಣಕ್ಕೆ ತಿರುಗಿದವು. ನೆನೆದ ಭಾಗ ಕುಗ್ಗಿತು, ನೆನೆಯದ ಭಾಗ ಹಾಗೆಯೇ ಉಳಿಯಿತು. ಹೀಗಾಗಿ ನಡುವೆ ನಿರಿಗೆ ಎದ್ದು, ಜಮಖಾನೆ ಈಗ ನೆಲದ ಮೇಲೆ ಸಪಾಟಾಗಿ ಕೂರುವುದಿಲ್ಲ. ಅದು ಅತ್ತೆಯವರ ಮದುವೆಯಲ್ಲಿ ಬಂದದ್ದು. ನವಲಗುಂದದ ಹೆಣ್ಣುಮಕ್ಕಳು ಮನೆಯಲ್ಲಿಯೇ ನಿಲುವು ಮಗ್ಗಕ್ಕೆ ಕುಳಿತು ನೇಯುವ ಈ ಜಮಖಾನೆಗಳಿಗೆ ಆ ಊರಿನದೇ ವಿಶಿಷ್ಟ ಉತ್ಪನ್ನವೆಂಬ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆಯಿದೆ, ಆದರೆ ನೇಯುವ ಕೈಗಳು ಈಗ ಬಹಳ ಕಡಿಮೆಯಾಗಿವೆ. ಹೊಸದೊಂದನ್ನು ಕೊಂಡರೂ ಅದೇ ಸಿಗುವುದಿಲ್ಲ. ಯಂತ್ರದವರಿಗೆ ಫೋನ್ ಮಾಡಿದಾಗ, ನಿಮ್ಮ ಜಮಖಾನೆಯ ಬಣ್ಣವೇ ಕಚ್ಚಾ ಎಂದರು. ಡೆಮೊ ಮುಗಿದ ಮೇಲೆ ಹಾಜರಿಗೆಂದು ಪಡೆದ ಸಹಿ, ಡೆಮೊ ಸಮಾಧಾನಕರವಾಗಿತ್ತು ಎಂಬ ಸಾಲಿನ ಕೆಳಗೆ ಇತ್ತೆಂಬುದು ಆಗ ತಿಳಿಯಿತು.

ಬಣ್ಣ ಕಚ್ಚಾ ಆಗಿದ್ದರೆ ಅದನ್ನು ಪರೀಕ್ಷಿಸಿ ನೋಡುವುದು ನೀರು ಹಾಕುವವರ ಕೆಲಸ. ಪರೀಕ್ಷೆ ಕಷ್ಟದ್ದೂ ಅಲ್ಲ. ಹಾಸಿನ ಹಿಂಬದಿಯ ಒಂದು ಮೂಲೆಯಲ್ಲಿ ಪ್ರತಿಯೊಂದು ಬಣ್ಣದ ಮೇಲೂ, ಬಳಸಲಿರುವ ದ್ರಾವಣದಲ್ಲಿಯೇ ಅದ್ದಿದ ಬಿಳಿ ಬಟ್ಟೆಯನ್ನು ಕೆಲವು ನಿಮಿಷ ಒತ್ತಿ ಹಿಡಿಯಬೇಕು. ಬಟ್ಟೆಗೆ ಬಣ್ಣ ಹತ್ತಿದರೆ ಯಂತ್ರದ ಮಾತು ಅಲ್ಲಿಗೆ ಮುಗಿಯಿತು. ಹತ್ತಿಗೆ ಸರಿಯಾಗಿ ಕಚ್ಚದೆ ಉಳಿದ ಬಣ್ಣ ಬಿಸಿನೀರಿನಲ್ಲಿ ಬೇಗ ಬಿಡುತ್ತದೆ. ಉಣ್ಣೆಗೆ ಬಿಸಿನೀರು, ಕ್ಷಾರದ ಸೋಪು, ಕಲೆ ತೆಗೆಯುವ ಬ್ಲೀಚು ಇವು ಮೂರೂ ಹಗೆ. ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು ಮತ್ತು ಉಣ್ಣೆಗೆಂದೇ ತಯಾರಿಸಿದ, ಕ್ಷಾರವಿಲ್ಲದ ದ್ರಾವಣ ಬಿಟ್ಟು ಬೇರೇನನ್ನೂ ಅದಕ್ಕೆ ತಾಗಿಸಬಾರದು. ಟಾಕಿಯ ನೀರು ಕಪ್ಪಾಗಿಯೋ ಕೆಂಪಾಗಿಯೋ ಕಂಡರೆ ಯಂತ್ರ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ನಾವು ತಿಳಿಯುತ್ತೇವೆ, ಮಾರುವವರಿಗೆ ಬೇಕಾದದ್ದೂ ಅದೇ. ಆ ನೀರಿನಲ್ಲಿ ಕೊಳೆ ಎಷ್ಟು, ಬಣ್ಣ ಎಷ್ಟು ಎಂಬುದನ್ನು ಟಾಕಿ ಹೇಳುವುದಿಲ್ಲ. ಹಾಸಿನೊಳಗೆ ಉಳಿದ ನೀರು ಎಷ್ಟೆಂಬುದನ್ನಂತೂ ಅದು ತೋರಿಸುವುದೇ ಇಲ್ಲ.

ನನ್ನ ಮಟ್ಟಿಗೆ ಈ ಉಳಿದ ನೀರೇ ಎಲ್ಲಕ್ಕಿಂತ ದೊಡ್ಡ ವಿಷಯ. ನಮ್ಮ ಉಣ್ಣೆಯ ಹಾಸು ಸಂಜೆಗೆ ಮೇಲ್ಭಾಗದಲ್ಲಿ ಒಣಗಿದಂತಿತ್ತು, ಮೂಲೆ ಎತ್ತಿ ಅಡಿಯನ್ನು ಮುಟ್ಟಿದರೆ ತಣ್ಣಗೆ ತೇವ ಹತ್ತುತ್ತಿತ್ತು. ಉಣ್ಣೆ ತನ್ನ ತೂಕದ ಸುಮಾರು 30 ಶೇಕಡಾದಷ್ಟು ತೇವವನ್ನು ಹೀರಿಕೊಂಡೂ ಕೈಗೆ ಒದ್ದೆಯೆನಿಸದು. ಅಡಿಯಲ್ಲಿ ಸೆಣಬಿನ ಪದರವಿದ್ದರೆ, ಅದು ನೆನೆದಾಗ ಬಿಡುವ ಕಂದು ಬಣ್ಣ ಒಣಗುವ ನೀರಿನೊಡನೆ ಮೇಲೇರಿ ಎಳೆಗಳ ತುದಿಯಲ್ಲಿ ನಿಲ್ಲುತ್ತದೆ. ನಮಗೆ ಉಳಿದ ಕಲೆ ಅದೇ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಧಾರವಾಡದಲ್ಲಿ ಸಾದಾ ಬಟ್ಟೆ ಒಣಗುವುದೇ ಕಷ್ಟ. ದಪ್ಪ ಹಾಸು ಒಂದೆರಡು ದಿನಕ್ಕಿಂತ ಹೆಚ್ಚು ಒದ್ದೆಯಾಗಿದ್ದರೆ ಬೂಷ್ಟು ಹಿಡಿಯಲು ಅಷ್ಟೇ ಸಾಕು. ಆದ್ದರಿಂದ ತೊಳೆಯುವ ಕೆಲಸವಿದ್ದರೆ ಬೇಸಿಗೆಯಲ್ಲಿ, ಬೆಳಿಗ್ಗೆಯೇ ಮಾಡಿರಿ.

ಯಂತ್ರ ಕೊಳ್ಳುವುದೇ ಆದರೆ, ಒಂದೇ ಹೆಸರಿನಲ್ಲಿ ಬೇರೆ ಬೇರೆ ಯಂತ್ರಗಳನ್ನು ಮಾರುತ್ತಾರೆಂಬುದನ್ನು ನೆನಪಿಡಬೇಕು. 'ವೆಟ್ ಅಂಡ್ ಡ್ರೈ' ವ್ಯಾಕ್ಯೂಮ್ ಕ್ಲೀನರ್ ಚೆಲ್ಲಿದ ನೀರನ್ನು ಹೀರುತ್ತದೆ, ಆದರೆ ಸಾಮಾನ್ಯವಾಗಿ ತಾನಾಗಿ ನೀರು ಸಿಂಪಡಿಸುವುದಿಲ್ಲ. ಸ್ಟೀಮ್ ಕ್ಲೀನರ್ ಹಬೆ ಬಿಡುತ್ತದೆ, ಸಾಮಾನ್ಯವಾಗಿ ಹೀರುವುದಿಲ್ಲ. ಉಣ್ಣೆಯ ಮೇಲೆ ಅದನ್ನು ಬಳಸಲೇಬಾರದು. ಸಿಂಪಡಿಸಿದ ನೀರನ್ನು ಆಗಿಂದಾಗಲೇ ಮರಳಿ ಹೀರಿ, ಸ್ವಚ್ಛ ನೀರಿಗೂ ಹೊಲಸು ನೀರಿಗೂ ಬೇರೆ ಬೇರೆ ಟಾಕಿಗಳಿರುವ ಯಂತ್ರವೇ ನಿಜವಾಗಿ ರತ್ನಗಂಬಳಿ ತೊಳೆಯುವ ಯಂತ್ರ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ವ್ಯಾಟ್ ಸಂಖ್ಯೆ ಯಂತ್ರ ಉಣ್ಣುವ ವಿದ್ಯುತ್ತಿನದು, ಹೀರುವ ಬಲದ್ದಲ್ಲ. ಹೀರುವ ಬಲ ತಿಳಿಯಬೇಕಾದರೆ ಅಂಗಡಿಯಲ್ಲಿಯೇ ಒಂದು ದಪ್ಪ ಹಾಸಿನ ತುಂಡಿನ ಮೇಲೆ ತೊಳೆಸಿ, ಒಣ ಬಿಳಿ ಟವೆಲ್ ಹಾಸಿ ಅದರ ಮೇಲೆ ನಿಲ್ಲಿರಿ. ಟವೆಲ್ ಎಷ್ಟು ನೆನೆಯುತ್ತದೆಯೋ ಅಷ್ಟು ನೀರು ಒಳಗೆ ಉಳಿದಿದೆ. ವಿದ್ಯುತ್ತಿನ ಬಗ್ಗೆ ಒಂದು ಮಾತು: ಸಾದಾ 6 ಆಂಪಿಯರ್ ಸಾಕೆಟ್ಟು 230 ವೋಲ್ಟಿನಲ್ಲಿ ತಾಳುವುದು 1,380 ವ್ಯಾಟಿನಷ್ಟು ಮಾತ್ರ. ಅದಕ್ಕಿಂತ ಹೆಚ್ಚಿನ ಯಂತ್ರಕ್ಕೆ 16 ಆಂಪಿಯರ್ ಸಾಕೆಟ್ಟೇ ಬೇಕು. ನೀರಿನ ಕೆಲಸವಾದ್ದರಿಂದ ಅರ್ಥಿಂಗ್ ಸರಿಯಿಲ್ಲದ ಹಳೆಯ ಮನೆಯಲ್ಲಿ ಅದನ್ನು ಹಚ್ಚಲೇಬಾರದು.

ನಮ್ಮ ಕಡೆಯ ಮಣ್ಣಿನ ಬಗ್ಗೆ ಯಂತ್ರದ ಪುಸ್ತಿಕೆಯಲ್ಲಿ ಏನೂ ಇರುವುದಿಲ್ಲ. ಹುಬ್ಬಳ್ಳಿಯಿಂದ ನವಲಗುಂದ, ಗದಗದ ಕಡೆಗೆ ಇರುವುದು ಎರೆಮಣ್ಣು. ನೀರು ತಾಗಿದೊಡನೆ ಅದು ಉಬ್ಬಿ ಅಂಟುತ್ತದೆ. ಹೊಲದಲ್ಲಿ ಮಳೆಯಾದ ಮೇಲೆ ಚಪ್ಪಲಿಗೆ ಮೆತ್ತಿಕೊಳ್ಳುವಂತೆಯೇ ಹಾಸಿನ ಬುಡದಲ್ಲಿಯೂ ಮೆತ್ತಿಕೊಳ್ಳುತ್ತದೆ. ಒಣ ಧೂಳನ್ನು ಮೊದಲು ಪೂರ್ತಿ ತೆಗೆಯದೆ ನೀರು ಹಾಕಿದರೆ ಎಳೆಗಳ ಬುಡದಲ್ಲಿ ಕೆಸರಾಗಿ ಕೂತು, ಮತ್ತೆ ಯಾವ ಯಂತ್ರಕ್ಕೂ ಬರುವುದಿಲ್ಲ. ಹಾಸನ್ನು ಬಿಸಿಲಿಗೆ ಒಯ್ದು, ತಿರುವಿ ಹಾಕಿ, ಹಿಂಬದಿಯಿಂದ ಬಡಿದು ಕೊಡವಿ, ಆಮೇಲೆ ಒಣ ವ್ಯಾಕ್ಯೂಮ್ ಹಿಡಿಯುವುದೇ ಮೊದಲ ಕೆಲಸ. ಬಹಳ ಸಲ ಅಷ್ಟಕ್ಕೇ ಸಾಕಾಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ಸರಿಯಾಗಿ ಕರಗುವುದಿಲ್ಲವಾದ್ದರಿಂದ ನಳದ ನೀರು ಬಂದ ದಿನ ತೊಳೆಯುವುದು ಒಳ್ಳೆಯದು. ದ್ರಾವಣ ಹೆಚ್ಚು ಹಾಕಿದರೆ ಅದರ ಜಿಗುಟು ಎಳೆಗಳಲ್ಲಿ ಉಳಿದು ಹೊಸ ಧೂಳನ್ನು ಇನ್ನಷ್ಟು ಬೇಗ ಹಿಡಿಯುತ್ತದೆ. ಕೊನೆಗೆ ಬರಿಯ ನೀರಿನಿಂದ ಒಮ್ಮೆ ತೊಳೆದು, ನೀರು ಬಿಡದೆ ಬರಿ ಹೀರುವ ಗುಂಡಿಯೊತ್ತಿ ನಿಧಾನವಾಗಿ ಮತ್ತೆ ಮತ್ತೆ ಎಳೆಯಬೇಕು.

ಸಿಂಥೆಟಿಕ್ ಹಾಸು, ಸೋಫಾ, ಕಾರಿನ ಸೀಟು ಇವುಗಳಿಗೆ ಇಂಥ ಯಂತ್ರ ಉಪಯೋಗವಾಗುತ್ತದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಕೈಮಗ್ಗದ ಜಮಖಾನೆ, ಕೈಯಿಂದ ಗಂಟು ಹಾಕಿದ ಉಣ್ಣೆ, ರೇಷ್ಮೆ ಇವುಗಳ ಹತ್ತಿರ ಮಾತ್ರ ಅದನ್ನು ಸುಳಿಯಗೊಡಬೇಡಿ.

ಪರಿಹಾರದ ಮಾತು ಬಂದಾಗ ನಮಗೆ ತಿಳಿದ ಒಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು 'ಸೇವೆ' ಎಂಬುದರ ವ್ಯಾಖ್ಯೆಯಿಂದ ಉಚಿತವಾಗಿ ಕೊಟ್ಟ ಸೇವೆಯನ್ನು ಹೊರಗಿಟ್ಟಿದೆ. ಯಂತ್ರ ಕೊಳ್ಳದೆ ಬರಿಯ ಡೆಮೊ ನೋಡಿದ ನಮ್ಮಂಥವರು ಗ್ರಾಹಕ ಆಯೋಗದಲ್ಲಿ ನಿಲ್ಲುವುದು ಕಷ್ಟ. ಹಾನಿಯಾದರೆ ಸಿವಿಲ್ ಕೋರ್ಟಿನ ದಾರಿ ಹಿಡಿಯಬೇಕು. ಹಾಗಾಗಿ, ಹಾಳಾದರೆ ಹೊಣೆ ನಮ್ಮದು ಎಂದು ಡೆಮೊ ಮಾಡುವವರಿಂದ ಮೊದಲೇ ಬರೆಸಿಕೊಳ್ಳಿರಿ, ಬರೆದುಕೊಡಲು ಒಪ್ಪದಿದ್ದರೆ ಬಾಗಿಲಿನಿಂದಲೇ ಕಳಿಸಿರಿ. ದುಡ್ಡು ಕೊಟ್ಟು ಕೊಂಡಿದ್ದರೆ ಬಿಲ್ಲು ಕೇಳಿ ಪಡೆಯಿರಿ; ಬಿಲ್ಲು ಕೊಡದಿರುವುದನ್ನು ಅದೇ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಯಂತ್ರ ದೋಷದ್ದಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಎರಡು ವರ್ಷಗಳೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು, ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ.

ಈಗಾಗಲೇ ಯಾರದಾದರೂ ಹಾಸು ಬಣ್ಣ ಬಿಡುತ್ತಿದ್ದರೆ, ಕೂಡಲೇ ನೀರು ನಿಲ್ಲಿಸಿ, ಉಜ್ಜದೆ, ಒಣ ಬಿಳಿ ಟವೆಲ್‌ಗಳನ್ನು ಒಂದಾದ ಮೇಲೊಂದು ಒತ್ತಿ ತೇವ ತೆಗೆಯಿರಿ. ಮಡಚಬೇಡಿ, ಬಣ್ಣ ಇನ್ನೊಂದು ಮಗ್ಗುಲಿಗೆ ಹತ್ತುತ್ತದೆ. ಅಡಿಯಲ್ಲಿ ಗಾಳಿಯಾಡುವಂತೆ ನಾಲ್ಕು ಮಣೆಗಳ ಮೇಲೆ ಎತ್ತಿಟ್ಟು, ಫ್ಯಾನನ್ನು ಹಾಸಿನ ಕೆಳಭಾಗಕ್ಕೆ ತಿರುಗಿಸಿ ರಾತ್ರಿಯಿಡೀ ಬಿಡಿರಿ, ಮತ್ತು ಅಡಿಭಾಗವನ್ನು ಅಂಗೈಯಿಂದ ಒತ್ತಿ ನೋಡಿ ತಂಪೆನಿಸುವುದು ನಿಲ್ಲುವವರೆಗೆ ಅದನ್ನು ಸುತ್ತಿ ಅಟ್ಟಕ್ಕೆ ಏರಿಸಬೇಡಿ.